ಗಾಳಿ ಹಾಕದ ಪಟ್ಟಿ

ಬನಹಟ್ಟಿಯ ಹತ್ತಿರದ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸು. ಇಬ್ಬರ ಕೆಲಸವನ್ನು ಒಬ್ಬಳೇ ಮಾಡುತ್ತಿದ್ದ ವರ್ಷ ಅದು. ಜೊತೆಗಿದ್ದವಳು ಮುಧೋಳಕ್ಕೆ ವರ್ಗವಾಗಿ ಹೋದಳು, ಅವಳ ಕುರ್ಚಿಗೆ ಯಾರೂ ಬರಲಿಲ್ಲ. ದಿನವಿಡೀ ಸೂಜಿ, ರಿಜಿಸ್ಟರು. ರಿಜಿಸ್ಟರಿನಲ್ಲಿ ಬರೆದದ್ದನ್ನೇ ಮತ್ತೆ ಮೊಬೈಲಿನಲ್ಲಿ ತುಂಬುವುದು. ಒಂದು ರಾತ್ರಿ ಮನೆಯಲ್ಲಿ ಗಂಡನಿಗೆ ರೊಟ್ಟಿ ಬಡಿಸುತ್ತ, "ಮುಂದಿನವ್ರು ಬರ್ರಿ" ಅಂದುಬಿಟ್ಟೆ. ಅವರು ನಕ್ಕರು. ನನಗೆ ಸಿಟ್ಟು ಬಂತು.

ನಮ್ಮಲ್ಲಿ ಕಸ ಗುಡಿಸಿ, ಬಾಣಂತಿಯರಿಗೆ ಬಿಸಿನೀರು ಕಾಸಿ ಕೊಡುವ ಆಯಾ ಒಬ್ಬಳಿದ್ದಾಳೆ. ಹರೆಯವನ್ನೆಲ್ಲ ಪವರ್‌ಲೂಮಿನಲ್ಲಿ ದುಡಿದವಳು. ಮಗ್ಗದ ಸದ್ದಿನ ನಡುವೆ ಮಾತಾಡಿ ಪಳಗಿದ ಗಂಟಲು. ಅವಳು ಗುಟ್ಟು ಹೇಳಿದರೆ ರಸ್ತೆಯಾಚೆಯ ಚಹಾದಂಗಡಿಗೂ ಕೇಳುತ್ತದೆ.

ಬಸುರಿಯರ ತಪಾಸಣೆಯ ದಿನ. ಮಧ್ಯಾಹ್ನ ಮೂರಾದರೂ ನಾನು ಡಬ್ಬಿ ಬಿಚ್ಚಿರಲಿಲ್ಲ. ನೇಕಾರರ ಮನೆಯ ಸೊಸೆಯೊಬ್ಬಳು, ಎಂಟು ತಿಂಗಳ ಬಸುರಿ, ಬಂದು ಕುಳಿತಳು. ತೋಳಿಗೆ ಬಿಪಿ ಪಟ್ಟಿ ಸುತ್ತಿದೆ. ಪೆನ್ನೆತ್ತಿ ಕಾರ್ಡಿನಲ್ಲಿ ನೂರಿಪ್ಪತ್ತು, ಎಂಬತ್ತು ಎಂದು ಬರೆದೆ. ಪಟ್ಟಿ ಬಿಚ್ಚತೊಡಗಿದೆ.

ನೆಲ ಒರೆಸುತ್ತಿದ್ದ ಆಯಾ ಕೈ ನಿಲ್ಲಿಸಿ ಹತ್ತಿರ ಬಂದಳು. ಅವತ್ತೊಂದು ದಿನ ಅವಳ ದನಿ ತಗ್ಗಿತ್ತು.

"ಅಕ್ಕಾರ, ಗಾಳೀನ ಹಾಕಿಲ್ಲಲ್ರೀ?"

ಮತ್ತೆ ಸುತ್ತಿ ಗಾಳಿ ಹಾಕಿದೆ. ನೂರಾ ಎಪ್ಪತ್ತು, ನೂರಾ ಹತ್ತು. ಹುಡುಗಿಯ ಪಾದಗಳು ಬಾತಿದ್ದವು. ಅದನ್ನೂ ನಾನು ನೋಡಿರಲಿಲ್ಲ. ಡಾಕ್ಟರನ್ನು ಕರೆದು, ಅವಳನ್ನು ಆಂಬುಲೆನ್ಸಿನಲ್ಲಿ ಜಮಖಂಡಿಗೆ ಕಳಿಸಿದೆವು. ಗಾಡಿ ಹೋದ ಮೇಲೆ ಔಷಧದ ಕೋಣೆಯಲ್ಲಿ ಕೂತು ಅತ್ತೆ. ನನ್ನ ಕೈಯನ್ನು ನಾನೇ ನಂಬುವಂತಿಲ್ಲ, ಕೆಲಸ ಬಿಡುತ್ತೇನೆ ಎಂದು ಹಿಂದೆಯೇ ಬಂದ ಆಯಾಳಿಗೆ ಹೇಳಿದೆ.

"ನೂಲಿನ ಎಳಿ ಹರಿದ್ರ ಮಗ್ಗ ಬಂದ್ ಮಾಡಿ ಗಂಟ ಹಾಕತೀವ್ರಿ. ಮಗ್ಗಾನ ಮಾರತೀವೇನ್ರಿ?" ಎನ್ನುತ್ತ ಆಯಾ ನನ್ನ ಡಬ್ಬಿ ಬಿಚ್ಚಿ ಮುಂದಿಟ್ಟಳು. "ಮೊದಲ ಉಣ್ರಿ. ಕೆಲಸ ನಾಳೆ ಬಿಡೀರಂತ."

ಮರುದಿನದಿಂದ ಒಂದೂವರೆಗೆ ಸರಿಯಾಗಿ ಬಾಗಿಲು ಎಳೆದು, ಹೊರಗೆ ಸ್ಟೂಲು ಹಾಕಿ ಕೂರತೊಡಗಿದಳು. ಯಾರೇ ಬರಲಿ, "ಅಕ್ಕಾರು ಉಣ್ಣಾಕತ್ತಾರ. ಜೀವ ಹೋಗೂವಂಗ ಇದ್ರ ಅಷ್ಟ ಹೇಳ್ರಿ, ಇಲ್ಲಾಂದ್ರ ಹತ್ತ ಮಿನಿಟ್ ಕುಂಡ್ರಿ!" ಪಂಚಾಯಿತಿ ಮೆಂಬರರೂ ತೆಪ್ಪಗೆ ಕೂತರು. ನಾನು ಉಂಡೆ. ಕೆಲಸ ಬಿಡುವುದು ನಾಳೆಗೇ ಉಳಿಯಿತು.

ಆ ಸೊಸೆಗೆ ಹೆಣ್ಣು ಮಗು ಹುಟ್ಟಿತು, ಇಬ್ಬರೂ ಗಟ್ಟಿಯಾಗಿದ್ದರು. ಚುಚ್ಚುಮದ್ದಿಗೆ ಬಂದಾಗ ಸಜ್ಜಕದ ಹೋಳಿಗೆ ತಂದಳು. ಮಧ್ಯಾಹ್ನ ಆಯಾಳಿಗೂ ಒಂದು ಕೊಡೋಣವೆಂದು ಬಾಗಿಲು ತೆರೆದರೆ, ಸ್ಟೂಲಿನ ಮೇಲೆ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು.

"ತಲಿ ಸಿಡ್ಯಾಕತ್ತೈತ್ರಿ. ದಿನಾ ಇದ್ದದ್ದ ಐತಿ."

"ಊಟ ಆತೇನಬೇ?"

"ಮನೀಗಿ ಹೋಗಿ ಉಣ್ಣತೇನ್ರಿ."

ಐದು ವರ್ಷದಿಂದ ಒಂದೇ ಸೂರಿನಡಿ ಇದ್ದೇವೆ. ಅವಳ ತೋಳಿಗೆ ನಾನು ಒಮ್ಮೆಯೂ ಪಟ್ಟಿ ಸುತ್ತಿರಲಿಲ್ಲ. ನಾಚಿಕೆಯಾಯಿತು. ಕೈಹಿಡಿದು ಒಳಗೆ ತಂದು ಕೂರಿಸಿದೆ. "ಗಾಳಿ ಹಾಕ್ರಿ ಮತ್ತ" ಎಂದು ಕಾಡಿಸಿದಳು. ಹಾಕಿದೆ. ಬಿಪಿಯ ಮೇಲಿನ ಅಂಕಿ ನೂರಾ ತೊಂಬತ್ತಿತ್ತು.

ಈಗ ಡಾಕ್ಟರು ಕೊಟ್ಟ ಮಾತ್ರೆಯನ್ನು ದಿನಾ ನನ್ನೆದುರೇ ನುಂಗುತ್ತಾಳೆ. ಒಂದೂವರೆಗೆ ಬಾಗಿಲು ಹಾಕಿಕೊಂಡರೆ ಹೊರಗಿನ ಸ್ಟೂಲು ಖಾಲಿ. ಯಾರಾದರೂ ಬಡಿದರೆ ಬಾಯಲ್ಲಿ ತುತ್ತಿಟ್ಟುಕೊಂಡೇ ಅವಳು ಒಳಗಿನಿಂದ ಕೂಗುತ್ತಾಳೆ: "ಉಣ್ಣಾಕತ್ತೇವ್ರೀ, ಇಬ್ಬರೂ!"