ಕಿವಿ ಮುಟ್ಟಿದ ಕೈ

ಕಡಬದ ರಬ್ಬರ್ ತೋಟದಲ್ಲಿ ಮರದ ಹಾಲು ಹೊರುತ್ತಿದ್ದ ಬಾಗಿಗೆ ಮಗಳು ಯಮುನಾ ಹುಟ್ಟಿದ ತಾರೀಕು ಗೊತ್ತಿರಲಿಲ್ಲ. ಎಂಬತ್ತರ ಮಳೆಗಾಲ ಎಂದಷ್ಟೇ ನೆನಪು. ತಲೆಯ ಮೇಲಿಂದ ಕೈ ಬಳಸಿ ಆಚೆ ಬದಿಯ ಕಿವಿ ಮುಟ್ಟಿದರೆ ಮಗುವಿಗೆ ಆರು ತುಂಬಿತು, ಶಾಲೆಗೆ ಸೇರಿಸಬಹುದು ಎಂಬುದು ಊರಿನ ಲೆಕ್ಕ. ಮಗಳು ಬೇಗ ಅಕ್ಷರ ಕಲಿಯಲಿ ಎಂದು ಬಾಗಿ ದಿನವೂ ಮೀಯಿಸುವಾಗ ಅವಳ ಕೈ ಎಳೆದೆಳೆದು ಅಭ್ಯಾಸ ಮಾಡಿಸಿದಳು. ಆ ಕಡ್ಡಿ ಕೈಗೆ ಮಾಂಸ ಅಡ್ಡ ಬರಲಿಲ್ಲ. ಐದು ತುಂಬುವ ಮೊದಲೇ ಮುಟ್ಟಿಬಿಟ್ಟಿತು.

ಅಂಗನವಾಡಿಗೆ ತಪಾಸಣೆಗೆ ಬಂದ ಸಾಹೇಬರ ಮುಂದೆ ಯಮುನಾ ಯಾರೂ ಕೇಳದೆಯೇ ಕಿವಿ ಹಿಡಿದು ನಿಂತಳು.

"ಇವಳಿಗೆ ಆರಾಯ್ತಲ್ಲ, ಇನ್ನು ಅಂಗನವಾಡಿ ಇಲ್ಲ. ಹೆಸರು ಹೊಡೆದುಹಾಕಿ," ಎಂದರು ಸಾಹೇಬರು.

ಸಂಜೆ ಟೀಚರ್ ಲೋಲಾಕ್ಷಿ ಬಾಗಿಗೆ ಹೇಳಿದರು: "ನಾನೆಂತ ಮಾಡುದು ಮಾರಾಯ್ತಿ? ನಾಳೆಯಿಂದ ಅವಳಿಗೆ ಸಜ್ಜಿಗೆ ಇಲ್ಲ."

ಶಾಲೆಗೆ ಸೇರಿಸಲು ಬಾಗಿ ಕರೆದೊಯ್ದರೆ ಹೆಡ್‌ಮಾಸ್ಟರು ನಕ್ಕರು: "ಜೂನ್ ಕಳೀತು. ಇನ್ನು ಬರುವ ವರ್ಷ."

ಆ ಸಜ್ಜಿಗೆಯೇ ಯಮುನಾಳ ಹಗಲಿನ ಊಟವಾಗಿತ್ತು. ಅವಳು ಅಂಗನವಾಡಿಯ ಕಿಟಕಿಯ ಹೊರಗೆ ನಿಂತು, ಒಳಗಿನವರು ನೋಡಲಿ ಎಂದು ಮತ್ತೆ ಮತ್ತೆ ಕಿವಿ ಮುಟ್ಟಿ ತೋರಿಸತೊಡಗಿದಳು. ಚೆನ್ನಾಗಿ ಮುಟ್ಟಿದರೆ ಬಡಿಸುತ್ತಾರೆಂದು ಅವಳ ನಂಬಿಕೆ.

ಬಾಗಿ ಒಂದು ದಿನ ಅದನ್ನು ಕಂಡಳು. ಮಗಳನ್ನು ಮನೆಗೆ ಎಳೆದು ತಂದು, ತಾನೇ ಕಲಿಸಿದ ಆ ಕೈಗೆ ಬಾಸುಂಡೆ ಏಳುವಂತೆ ಬಾರಿಸಿದಳು.

ಯಮುನಾ ಅಳುತ್ತಲೇ ಇನ್ನೊಂದು ಕೈಯಿಂದ ಮುಟ್ಟಿ ತೋರಿಸಿದಳು.