ಹಾಳುಕೋಟೆಯ ಕೂಗು

ಕೊಳ್ಳೇಗಾಲದಿಂದ ಬೆಳಗಿನ ಬಸ್ಸಿಗೆ ನಾನೂ ನಮ್ಮ ಮಾದಣ್ಣನೂ ಹೊರಟೆವು. ಅಣ್ಣ ಯಳಂದೂರಿನಲ್ಲಿ ಟೈಲರ್. ಅವನ ಎಡಗಾಲು ಸೊಟ್ಟ, ಕೋಲೂರಿಯೇ ನಡೆಯುತ್ತಾನೆ. ಟಿಕೆಟ್ ಕೊಳ್ಳುವಾಗ, "ಎಂಗಸ್ರಾಗಿ ಉಟ್ಟಿದ್ರೆ ಪುಕ್ಸಟ್ಟೆ ಓಗ್ಬೋದಿತ್ತು ಕಣ್ಲಾ ಸಿದ್ದ" ಎಂದ. ಕಂಡಕ್ಟರ್ ನಕ್ಕ. ನನಗೆ ನಗು ಬರಲಿಲ್ಲ. ಅವನ ಕಾಲು ಮುರಿದ ಜಾಗಕ್ಕೇ ನಾವು ಹೋಗುತ್ತಿದ್ದುದು. ಒಂದು ಸಲ ನೋಡಬೇಕೆಂದು ಅವನೇ ಹಟ ಹಿಡಿದಿದ್ದ. ನಾನು ಅವನಿಂದ ಮುಚ್ಚಿಟ್ಟ ಮಾತೊಂದಿತ್ತು. ಇವತ್ತು ಹೇಳಿಬಿಡಬೇಕೆಂದು ಹೊರಟಿದ್ದೆ.

ಹನೂರಿನಲ್ಲಿ ಇಳಿದು ಇಡ್ಲಿ ತಿಂದೆವು. ಹೇಳಲಿಲ್ಲ. ಕೌದಳ್ಳಿಯವರೆಗೆ ಇನ್ನೊಂದು ಬಸ್. ಅಲ್ಲೂ ಬಾಯಿ ಬರಲಿಲ್ಲ. ಕೌದಳ್ಳಿಯ ಆಟೋದವನು ಗುಡ್ಡದ ಬುಡದಲ್ಲಿ ನಮ್ಮನ್ನು ಇಳಿಸಿ, "ಮಟಮಟ ಮಧ್ಯಾನ ನಾನಿಲ್ಲಿ ನಿಲ್ಲಕಿಲ್ಲ ಸಾ, ಆಮೇಲೆ ಬತ್ತೀನಿ" ಎಂದು ಗಾಡಿ ತಿರುಗಿಸಿದ.

ಗುಡ್ಡದ ಮೇಲಿನ ಆ ಹಾಳುಕೋಟೆಯನ್ನು ಯಾರೋ ಪಾಳೆಯಗಾರ ಕಟ್ಟಿಸಿದನಂತೆ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ಕಂಡದ್ದನ್ನಷ್ಟೇ ಬರೆಯಬಲ್ಲೆ. ಮೇಲಿನ ಗೋಡೆ ಸಣ್ಣ ಕಲ್ಲು, ಗಾರೆಯದು. ಬಹಳ ಮಟ್ಟಿಗೆ ಉದುರಿಹೋಗಿದೆ. ಅಡಿಯದು ಎಮ್ಮೆಯಂಥ ಕಲ್ಲುಗಳು, ಗಾರೆಯಿಲ್ಲದೆ ಒಂದನ್ನೊಂದು ಕಚ್ಚಿಕೊಂಡು ಇನ್ನೂ ನಿಂತಿವೆ. ಪಾಳೆಯಗಾರನಿಗಿಂತ ಎಷ್ಟೋ ಹಿಂದಿನವರ ಗೋಡೆಯ ಮೇಲೆ ಅವನು ತನ್ನದನ್ನು ಏರಿಸಿದ್ದ. ಕಲ್ಲು ಸಾಲದೆ ಆ ಹಳಬರ ವೀರಗಲ್ಲುಗಳನ್ನೂ ಕಿತ್ತು, ಮುಖ ಒಳಗಾಗುವಂತೆ ಗೋಡೆಗೆ ಹಾಕಿಸಿದನಂತೆ. ಕಾದಾಡಿ ಸತ್ತ ಆ ಗಂಡಸರು ಗೋಡೆಯೊಳಗಿಂದ ಹೆಸರು ಹಿಡಿದು ಕೂಗುತ್ತಾರೆ ಎನ್ನುತ್ತಿದ್ದಳು ನಮ್ಮ ಅಜ್ಜಿ. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ. ಮೂರನೆಯದು ಕೇಳುವ ತನಕ ಓ ಅನ್ನಬಾರದು. ಅಂದವನನ್ನು ಅವರು ಕರೆದುಕೊಂಡು ಹೋಗುತ್ತಾರೆ.

ಅಜ್ಜಿಯ ಊರು ಆ ಗುಡ್ಡದ ಕೆಳಗೇ. ಹುಡುಗರಾಗಿದ್ದಾಗ ಬೇಸಿಗೆ ರಜೆಯಲ್ಲಿ ಅಲ್ಲಿ ಆಡು ಕಾಯುತ್ತಿದ್ದೆವು. ಒಂದು ಸಂಜೆ ತಪ್ಪಿಸಿಕೊಂಡ ಮರಿಯನ್ನು ಹುಡುಕಿ ಅಣ್ಣ ಕೋಟೆಯೊಳಗೆ ಹೋದ. ನಾನು ಕೆಳಗಿದ್ದೆ. "ಸಿದ್ದಾ" ಎಂದು ಕೇಳಿತು. ಇನ್ನೊಮ್ಮೆ ಕೇಳಿತು. ಕೊರಳಿಗೆ ಗಂಟೆ ಕಟ್ಟಿದ ಆಡುಗಳನ್ನು ನಿಲ್ಲಿಸಿಕೊಂಡು ಹಾಗೇ ನಿಂತೆ. ಮೂರನೆಯ ಕೂಗು ಬರಲಿಲ್ಲ. ಆಡು ಹೊಡೆದುಕೊಂಡು ಮನೆಗೆ ಓಡಿದೆ. ಅಣ್ಣ ಎಲ್ಲಿ ಎಂದು ಕೇಳಿದರೆ, ಕಾಣೆ ಎಂದೆ. ಅವರೆಲ್ಲ ಹಳ್ಳದ ಕಡೆ ಹುಡುಕಿದರು. ಅವನು ಸಿಕ್ಕಿದ್ದು ಬೆಳಗಾದ ಮೇಲೆ, ಕಾಲು ಕಲ್ಲಿನಡಿ ಸಿಕ್ಕಿಕೊಂಡು.

ಈಗ ಅವನು ಹುಣಸೆಮರದಡಿ ಕೂತು, "ಈ ಕಾಲ್ನಾಗೆ ಅತ್ತಕಾಗಲ್ಲ. ನೀನೇ ನೋಡ್ಬುಟ್ಟು ಬಾ ಓಗು" ಎಂದ.

ನಾನು ಹತ್ತಿದೆ. ಮೈ ಸುಡುವ ಬಿಸಿಲು. ಕೋಟೆಯೊಳಗೆ ಕಾಲಿಟ್ಟರೆ ಬಾವಿಯೊಳಗಿನಂಥ ತಂಪು. ಒಂದು ಹಕ್ಕಿಯ ಸದ್ದೂ ಇಲ್ಲ. ಗೋಡೆ ಕುಸಿದ ಕಡೆ ಒಂದು ಕಲ್ಲು ಮುಖ ಮೇಲಾಗಿ ಬಿದ್ದಿತ್ತು. ಕತ್ತಿ ಹಿಡಿದ ಆಳು. ಕಣ್ಣು ಮೂಗು ಸವೆದುಹೋಗಿ ಬಾಯಿಯ ಗೀರು ಮಾತ್ರ ಉಳಿದಿತ್ತು. ಬಗ್ಗಿ ನೋಡುತ್ತಿದ್ದೆ.

"ಸಿದ್ದಾ."

ಇನ್ನೊಂದಕ್ಕೆ ನಾನು ಕಾಯಲಿಲ್ಲ. "ಓ ಅಣ್ಣಾ, ಬಂದೇ" ಎಂದು ಕೂಗಿ, ಬಿದ್ದು ಎದ್ದು ಇಳಿದೆ.

ಅಣ್ಣ ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದ. ನಾನು ಏದುಸಿರಿನಲ್ಲೇ ಅಂದಿನದನ್ನೆಲ್ಲ ಹೇಳಿಬಿಟ್ಟೆ. ಅವನು ಅಗಿಯುತ್ತಲೇ ಇದ್ದ.

"ಗೊತ್ತು ಕಣ್ಲಾ. ನಾನು ಕೂಗ್ತಿದ್ದಂಗೇ ಆಡಿನ ಗಂಟೆ ಸದ್ದು ನಿಂತ್ಕತು. ಆಮ್ಯಾಕೆ ದೂರ ಓಯ್ತು."

"ಮತ್ತೆ ಮೂರ್ನೇ ಸಲ ಯಾಕಣ್ಣ ಕೂಗ್ನಿಲ್ಲ?"

"ಗಂಟೆ ನಿಂತ್ರೂ ನೀನು ಓ ಅನ್ನಿಲ್ವಲ್ಲ. ಅಲ್ಲಿ ನಿಂತಿರೋದು ನೀನಲ್ಲ, ಇನ್ನೇನೋ ಅಂತ ನಂಗೂ ಪುಕಪುಕ ಅಂತು. ಬಾಯಿ ಮುಚ್ಕಂಡೆ."

ನಾನು ಅತ್ತೆ. "ಇವತ್ತು ನೀನು ಒಂದ್ಸಲ ಕೂಗಿದ್ಕೇ ಓ ಅಂದ್ನಲ್ಲಣ್ಣ" ಎಂದೆ.

ತುತ್ತೆತ್ತಿದ ಅವನ ಕೈ ಅಲ್ಲೇ ನಿಂತಿತು.

"ನಾನೆಲ್ಲಿ ಕೂಗ್ದೆ?"

ಆಟೋ ಬಂದಾಗ ಬಿಸಿಲು ಇಳಿದಿತ್ತು. ಅಣ್ಣ ಕೋಲನ್ನು ಮರದಡಿಯೇ ಬಿಟ್ಟು ನನ್ನ ಕೈ ಹಿಡಿದು ಹತ್ತಿದ. ನಾನು ಗುಡ್ಡದ ಕಡೆ ಒಮ್ಮೆ ಕತ್ತು ತಿರುಗಿಸಿದೆ. ಅವನು ಗಲ್ಲ ಹಿಡಿದು ಮುಂದಕ್ಕೆ ತಿರುಗಿಸಿದ. "ಸಿದ್ದಾ" ಎಂದ. ಓ ಎಂದೆ. "ಸಿದ್ದಾ." ಓ. "ಸಿದ್ದಾ." ಓ. ಕೌದಳ್ಳಿ ದಾಟಿ, ಹನೂರು ದಾಟಿ, ಬಸ್ಸಿನ ಜನ ತಿರುಗಿ ನೋಡಿದರೂ ಅವನು ಬಿಡಲಿಲ್ಲ. ಕೊಳ್ಳೇಗಾಲದ ದೀಪಗಳು ಕಾಣುವವರೆಗೂ ಕೂಗುತ್ತಲೇ ಬಂದ.