ಅವರ ಮಗ ಬರ್ತಾನಂತೆ

ಯಾರಾದ್ರೂ ನನಗೆ ಕೆಟ್ಟದ್ದು ಮಾಡಿದ್ರೆ ಮರೆಯೋ ಅಭ್ಯಾಸ ನನಗಿಲ್ಲ. "ಹೋಗ್ಲಿ ಬಿಟ್ಟಾಕೇ" ಅಂತಾಳೆ ನಮ್ಮಕ್ಕ. ಬಿಟ್ಟಾಕೋಕೆ ನಾನೇನು ಬುದ್ಧನಾ? ನಮ್ಮ ಮನೇಲಿ ಬುದ್ಧನ ಫೋಟೋ ಇದೆ, ಅಷ್ಟೇ. ಈ ಜಗಳ ಶುರುವಾಗಿದ್ದೂ ಆ ಫೋಟೋದಿಂದಲೇ.

ಲ್ಯಾಬ್ ಟೆಕ್ನಿಷಿಯನ್ ಕೆಲಸ ಪರ್ಮನೆಂಟ್ ಆದಾಗ ನಾನು ಬೇಗೂರಲ್ಲಿ ಬಾಡಿಗೆ ಮನೇಲಿದ್ದೆ. ನಾನು, ನನ್ನ ಏಳು ವರ್ಷದ ಮಗಳು, ಇಬ್ಬರೇ. ಗಂಡ ಬಿಟ್ಟು ಹೋಗಿ ಮೂರು ವರ್ಷ ಆಗಿತ್ತು, ಅವನ ವಿಷಯ ಇಲ್ಲಿ ಬೇಡ. ಆರ್ಡರ್ ಕೈಗೆ ಬಂತು, ನೋಡಿದ್ರೆ ಪೋಸ್ಟಿಂಗ್ ಬೆಂಗಳೂರಿಂದ ಏಳು ಗಂಟೆ ಬಸ್ ಪ್ರಯಾಣದ ಒಂದು ಊರಿಗೆ. ರಾಜ್ಯದ ಗಡಿ ಅಲ್ಲಿಂದ ಕಣ್ಣಿಗೆ ಕಾಣತ್ತೆ. ಒಂದು ಸರ್ಕಾರಿ ಆಸ್ಪತ್ರೆ, ಒಂದು ಸ್ಕೂಲು, ಒಂದು ಬ್ಯಾಂಕು, ಮುಗೀತು. ಹದಿನೈದು ದಿನದಲ್ಲಿ ಹೋಗಿ ಸೇರ್ಕೋಬೇಕಿತ್ತು.

ಆಸ್ಪತ್ರೆಯ ಗುಮಾಸ್ತರಿಗೆ ಫೋನ್ ಮಾಡಿ ಮನೆ ಕೇಳ್ದೆ. "ಇಲ್ಲಿ ಬಾಡಿಗೆಗೆ ಮನೆ ಸಿಗೋದೇ ಕಷ್ಟ ಮೇಡಂ. ಕೆಲವಕ್ಕೆ ಬಚ್ಚಲೇ ಇಲ್ಲ, ಇರೋವು ನಮ್ಮಂಥವರ ಕೈಗೆಟುಕಲ್ಲ. ಒಂದೇ ಒಂದು ಒಳ್ಳೇ ಮನೆ ಖಾಲಿ ಇದೆ. ಬೋರ್‌ವೆಲ್ಲು, ಕಾಂಪೌಂಡು, ಸ್ಕೂಲಿಗೆ ಎರಡು ನಿಮಿಷ. ಬಾಡಿಗೆನೂ ಕಮ್ಮಿ. ಆದ್ರೆ ಓನರ್ ಇಲ್ಲಿಲ್ಲ, ಬೆಂಗಳೂರು ಜಯನಗರದಲ್ಲಿರ್ತಾರೆ. ಮುಖ ನೋಡಿ ಮಾತಾಡಿಸದೆ ಯಾರಿಗೂ ಕೊಡಲ್ಲ" ಅಂದ್ರು.

ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಹೇಳಕ್ಕಾಗಲ್ಲ. ಗಡಿಯ ಮನೆಗೆ ಜಯನಗರದಲ್ಲಿ ಇಂಟರ್‌ವ್ಯೂ! ಬೊಮ್ಮನಹಳ್ಳೀಲಿ ಬಸ್ ಬದಲಾಯಿಸಿದ್ರೆ ಆಯ್ತು. ಅವತ್ತೇ ಮಗಳಿಗೆ ಹೇಳಿಬಿಟ್ಟೆ, "ಕಾಂಪೌಂಡ್ ಇರೋ ಮನೆ ಪುಟ್ಟಾ, ನೀನು ಸೈಕಲ್ ಹೊಡೀಬಹುದು." ಆ ಮಾತು ನಾನು ಆಡಬಾರದಿತ್ತು.

ಓನರ್ ರಿಟೈರ್ ಆದವರು. ಹಾಲ್ ಗೋಡೆ ತುಂಬ ಮದುವೆ ಫೋಟೋಗಳು, ಮೊಮ್ಮಕ್ಕಳು. ಅವರ ಹೆಂಡತಿ ಸ್ಟೀಲ್ ಲೋಟದಲ್ಲಿ ಘಮ್ ಅನ್ನೋ ಫಿಲ್ಟರ್ ಕಾಫಿ ಕೊಟ್ರು. ಒಂಟಿ ಹೆಂಗಸು ಅಂತ ಮೂಗು ಮುರೀತಾರೇನೋ ಅಂತ ನಾನು ಹೆದರಿಕೊಂಡು ಹೋಗಿದ್ದೆ. ಅಂಕಲ್ ಹಾಗೇನೂ ಮಾಡಲಿಲ್ಲ. "ಸರ್ಕಾರಿ ಕೆಲಸ, ಒಂದು ಮಗು. ಇಂಥವರೇ ಬೇಕಾಗಿತ್ತು ನೋಡಮ್ಮ. ಆ ಮನೆ ನಮ್ಮಪ್ಪ ಕಟ್ಟಿಸಿದ್ದು. ಬೇಗೂರಾ? ಓ, ನಾಗೇಶ್ವರನ ಸನ್ನಿಧಿ! ಒಳ್ಳೇದು, ಒಳ್ಳೇದು" ಅಂದ್ರು. ಅಡ್ವಾನ್ಸ್ ತಗೊಂಡ್ರು, ಕೀ ಕೈಗಿಟ್ರು. "ಒಳ್ಳೇ ದಿನ ನೋಡಿ ಹಾಲುಕ್ಕಿಸಿಬಿಡಮ್ಮ" ಅಂತ ಅವರ ಬಾಯಿಂದಲೇ ಬಂತು.

ನಮ್ಮಪ್ಪನ ಕಾಲದಲ್ಲೇ ನಾವು ಬೌದ್ಧರಾದ್ವಿ. ಅಪ್ಪ ಪೂಜೆ, ಹೋಮ, ರಾಹುಕಾಲ ಎಲ್ಲ ಕೈಬಿಟ್ರು. ಹಾಲುಕ್ಕಿಸೋದೊಂದನ್ನ ಮಾತ್ರ ನಮ್ಮಮ್ಮ ಸಾಯೋತನಕ ಬಿಡಲಿಲ್ಲ. "ಮನೆ ಒಲೆ ಮೊದಲು ಹಾಲು ನೋಡ್ಬೇಕು" ಅನ್ನೋಳು. ಹಾಗಾಗಿ ನಾವೂ ಬಿಟ್ಟಿಲ್ಲ. ಅಕ್ಕನ್ನ ಕರ್ಕೊಂಡು ಆ ಊರಿಗೆ ಹೋದೆ, ಮನೆ ಗುಡಿಸಿ ತೊಳೆದ್ವಿ, ಒಲೆ ಹಿಂದಿನ ಕಟ್ಟೆ ಮೇಲೆ ಎರಡು ಫೋಟೋ ಇಟ್ವಿ. ಒಂದು ಬುದ್ಧಂದು. ಇನ್ನೊಂದು ನೀಲಿ ಕೋಟು ಹಾಕ್ಕೊಂಡು ಪುಸ್ತಕ ಹಿಡಿದು ನಿಂತವರದ್ದು, ಅವರು ಯಾರು ಅಂತ ಯಾರಿಗೂ ಹೇಳ್ಬೇಕಾಗಿಲ್ಲ. ಹೊಸ ಪಾತ್ರೇಲಿ ಹಾಲು ಚೆನ್ನಾಗಿ ಉಕ್ಕಿ ಮೂರು ಕಡೆ ಚೆಲ್ತು. ಅಕ್ಕ ಕಣ್ಣೊರೆಸಿಕೊಂಡ್ಲು.

ಹಾಲುಕ್ಕಿಸಿದ ದಿನ ಓನರ್ ಮನೆಗೆ ಒಂದು ಲೋಟ ಹಾಲೋ ಪಾಯಸವೋ ಕೊಡೋದು ಮರ್ಯಾದೆ ಅಲ್ವಾ? ಇವರಿರೋದು ಜಯನಗರದಲ್ಲಿ. ಅದಕ್ಕೇ ಉಕ್ತಾ ಇರೋ ಹಾಲಿನ ಫೋಟೋ ತೆಗೆದು ವಾಟ್ಸಾಪ್ ಮಾಡ್ದೆ. "ಹಾಲುಕ್ಕಿತು ಅಂಕಲ್, ನಿಮ್ಮ ಆಶೀರ್ವಾದ" ಅಂತ ಬರೆದು ಕೈಮುಗಿದ ಚಿತ್ರವನ್ನೂ ಹಾಕ್ದೆ. ಹಾಲಿನ ಹಿಂದೆ ಏನು ಕಾಣ್ತಿದೆ ಅಂತ ನನ್ನ ಪೆದ್ದು ತಲೆಗೆ ಹೊಳೀಲೇ ಇಲ್ಲ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಮಾರನೇ ಬೆಳಿಗ್ಗೆ ಫೋನ್. "ನೋಡಮ್ಮ, ಮನೆ ಕೊಡಕ್ಕಾಗಲ್ಲ. ನನ್ನ ಮಗ ವಾಪಸ್ ಬರ್ತಾನಂತೆ, ಅಲ್ಲೇ ಇರ್ತಾನಂತೆ."

"ಅಂಕಲ್, ನಿನ್ನೆ ಹಾಲುಕ್ಕಿಸಿದ್ದೀನಿ. ಮಗಳಿಗೆ ಸ್ಕೂಲ್ ಟಿಸಿ ತೆಗೆಸಿದ್ದೀನಿ."

"ಏನ್ ಮಾಡೋದಮ್ಮ, ಮಗ ಬರ್ತಾನೆ ಅಂದ್ಮೇಲೆ."

ಕೀ ಕೊಡೋಕೆ ಜಯನಗರಕ್ಕೆ ಹೋದೆ. ಈ ಸಲ ಗೇಟಿಗೆ ಒಳಗಿಂದ ಬೀಗ. ಕಾಫಿ ಕೊಟ್ಟ ಆಂಟಿ ಕಾಣಲಿಲ್ಲ. ಅಂಕಲ್ ಗೇಟಿನ ಆಚೆ ನಿಂತು, ಅಡ್ವಾನ್ಸ್ ಇದ್ದ ಕವರನ್ನ ಕಾಂಪೌಂಡ್ ಗೋಡೆ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದ್ರು. ನಾನು ಚಾಚಿದ ಕೈ ಹಾಗೇ ಇತ್ತು. "ಕೀನೂ ಅಲ್ಲೇ ಇಡಮ್ಮ" ಅಂದ್ರು. ಮೈಯೆಲ್ಲ ಉರಿದು ಹೋಯ್ತು. ಕೀ ಗೋಡೆ ಮೇಲಿಟ್ಟೆ. ಕವರ್ ತಗೊಂಡು ಬಂದುಬಿಟ್ಟೆ. ಹಾಗೆ ಬಾಯಿ ಮುಚ್ಕೊಂಡು ಬಂದಿದ್ದಕ್ಕೆ ಎಷ್ಟೋ ದಿನ ನನ್ನನ್ನ ನಾನೇ ಬೈಕೊಂಡಿದ್ದೀನಿ.

ಕೆಲಸ ಬಿಡೋ ಹಾಗಿರಲಿಲ್ಲ. ಆಸ್ಪತ್ರೆ ಹಿಂದೆ ಇಬ್ಬರು ನರ್ಸ್‌ಗಳಿದ್ದ ರೂಮಲ್ಲಿ ಮೂರನೇ ಮಂಚ ಸಿಕ್ತು. ಮಕ್ಕಳಿಗೆ ಅಲ್ಲಿ ಜಾಗ ಇಲ್ಲ. ಮಗಳನ್ನ ಬೊಮ್ಮನಹಳ್ಳಿಯ ಅಕ್ಕನ ಮನೇಲಿ ಬಿಟ್ಟೆ. ಅಕ್ಕ ಗಾರ್ಮೆಂಟ್ಸಿಗೆ ಹೋಗೋಳು, ಅವಳಿಗೇ ಎರಡು ಗಂಡುಮಕ್ಕಳು, ಇರೋದು ಒಂದೇ ರೂಮು. ಆದ್ರೂ ಬೇಡ ಅನ್ನಲಿಲ್ಲ. ನನ್ನ ಕೂಸಿಗೆ ನಿಜ ಹೇಗೆ ಹೇಳೋದು? ಏಳು ವರ್ಷದ ಮಗೂಗೆ ನಮ್ಮ ಫೋಟೋ ನೋಡಿ ಮನೆ ಕೊಡಲಿಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. "ಇಲ್ಲಿ ಸ್ಕೂಲ್ ಚೆನ್ನಾಗಿದೆ ಪುಟ್ಟಾ" ಅಂದೆ. "ಸೈಕಲ್ಲು?" ಅಂದ್ಲು. ನಾನು ಬಸ್ ಹತ್ತಿದೆ.

ಕ್ವಾರ್ಟರ್ಸ್ ಸಿಕ್ಕಿ ಅವಳನ್ನ ಕರ್ಕೊಂಡು ಬರೋಕೆ ಒಂದು ವರ್ಷ ಬೇಕಾಯ್ತು. ಆ ವರ್ಷದಲ್ಲಿ ನನ್ನ ಮಗಳು ಅಕ್ಕನ್ನ ಅಮ್ಮ ಅಂತ ಕರೆಯೋದು ಕಲಿತಳು. ಫೋನ್ ಮಾಡಿದ್ರೆ "ಹೂಂ, ಊಟ ಆಯ್ತು" ಅಂತ ಹೇಳಿ ಇಟ್ಟುಬಿಡೋಳು. ನಾನು ದಿನಾ ಆಸ್ಪತ್ರೆಗೆ ಹೋಗೋ ದಾರೀಲೇ ಆ ಮನೆ. ಬೀಗ ಹಾಕಿ, ಗೇಟಿಗೆ ಟು-ಲೆಟ್ ಬೋರ್ಡ್ ತಗುಲಿಸಿದ್ರು. ಮಗನೂ ಇಲ್ಲ, ಮಗನ ಸಾಮಾನೂ ಇಲ್ಲ. ಬಾರಯ್ಯಾ, ಬಾ, ಎಲ್ಲಿದ್ದೀಯ ಅಂತ ದಿನಾ ನೋಡ್ಕೊಂಡು ಹೋಗ್ತಿದ್ದೆ.

ಒಂದಿನ ಬ್ಯಾಂಕಿಗೆ ಹೊಸದಾಗಿ ಬಂದವರೊಬ್ಬರು ರಕ್ತ ಪರೀಕ್ಷೆಗೆ ಬಂದ್ರು. "ಮೇಡಂ, ಆ ಕಾಂಪೌಂಡ್ ಮನೆ ಹೇಗೆ?" ಅಂತ ಕೇಳಿದ್ರು. ನಾನು ಸೂಜಿ ಚುಚ್ಚುತ್ತಾ ಅಂದೆ, "ಅದಾ? ಸಿಗಲ್ಲ ಬಿಡಿ ಸಾರ್. ಓನರ್ ಮಗ ಬರ್ತಾನಂತೆ."

ಅಬ್ಬಾ, ಏನು ತೃಪ್ತಿ ಅಂತೀರಾ! ಒಂದು ವರ್ಷದಿಂದ ಗಂಟಲಲ್ಲಿ ಸಿಕ್ಕಾಕೊಂಡಿದ್ದು ಅವತ್ತು ಇಳೀತು. ಅವರಿಗೆ ಬೇರೆ ಮನೆ ನಾನೇ ಹುಡುಕಿ ಕೊಟ್ಟೆ. ಆಮೇಲೆ ಅದೇ ನನ್ನ ಇನ್ನೊಂದು ಡ್ಯೂಟಿ ಆಗೋಯ್ತು. ಹೊಸ ನರ್ಸು, ಹೊಸ ಮೇಷ್ಟ್ರು, ಹೊಸ ಪೊಲೀಸು, ಯಾರು ಬಂದ್ರೂ ಮನೆಗೆ ಲ್ಯಾಬ್ ಮೇಡಂನ ಕೇಳಿ ಅಂತಿದ್ರು. ಯಾರನ್ನೂ ನಾನು ಬೀದೀಲಿ ನಿಲ್ಲಿಸಲಿಲ್ಲ. ಗೋಡೌನ್ ಪಕ್ಕದ ರೂಮಿಗೆ ಬಚ್ಚಲು ಕಟ್ಟಿಸಿದೆ, ಒಬ್ಬ ಅಜ್ಜಿಯ ಮಹಡಿ ಕೋಣೆ ಬಾಡಿಗೆಗೆ ಬಿಡಿಸಿದೆ. ಆ ಮನೆಗೆ ಮಾತ್ರ ಒಂದೇ ಉತ್ತರ: ಮಗ ಬರ್ತಾನಂತೆ. ನಾನೇನು ಸುಳ್ಳು ಹೇಳಿದ್ನಾ? ಓನರ್ ಬಾಯಿಂದ ಬಂದಿದ್ದನ್ನೇ ಹೇಳ್ದೆ. ಎರಡು ವರ್ಷದಲ್ಲಿ ಇಡೀ ಊರೇ ಅದನ್ನ ಹೇಳೋಕೆ ಶುರು ಮಾಡ್ತು. ಬೋರ್ಡ್ ಬಿಸಿಲಿಗೆ ಬೆಳ್ಳಗಾಗಿ ಬಿದ್ದೋಯ್ತು. ಕಾಂಪೌಂಡ್ ಒಳಗೆ ಜಾಲಿ ಗಿಡ ಆಳೆತ್ತರ ಬೆಳೀತು. ನೋಡಿ ನೋಡಿ ಹೊಟ್ಟೆ ತಣ್ಣಗೆ ಮಾಡ್ಕೋತಿದ್ದೆ.

ಐದು ವರ್ಷ ಆದ್ಮೇಲೆ ನನಗೆ ಬೆಂಗಳೂರಿಗೆ ವರ್ಗ ಆಯ್ತು. ಪುಟ್ಟೇನಹಳ್ಳಿ ಕೆರೆ ಹತ್ರ ಸಣ್ಣ ಮನೆ ಮಾಡಿದ್ದೆ. ಬಂದು ಒಂದು ವಾರ ಆಗಿರಲಿಲ್ಲ, ಫೋನಲ್ಲಿ "ಜಯನಗರ ಅಂಕಲ್" ಅಂತ ಹೆಸರು ಬಂತು. ನನ್ನ ನಂಬರ್ ಅವರು ಯಾವತ್ತೋ ಅಳಿಸಿದ್ರು ಅಂತ ಕಾಣತ್ತೆ, ನಾನು ಯಾರು ಅಂತ ಗೊತ್ತಾಗಲಿಲ್ಲ. "ಮೇಡಂ, ಆ ಊರಲ್ಲಿ ಎಲ್ಲರಿಗೂ ನೀವೇ ಮನೆ ಕೊಡಿಸ್ತೀರಂತೆ, ಎದುರಿನ ಅಂಗಡಿಯವರು ನಂಬರ್ ಕೊಟ್ರು. ನಮ್ಮದೊಂದು ಮನೆ ಹಾಳು ಬೀಳ್ತಿದೆ. ಯಾರೂ ಬರ್ತಿಲ್ಲ. ನಿಮ್ಮ ಜಾಗಕ್ಕೆ ಬಂದಿರೋರಿಗೆ ದಯವಿಟ್ಟು ಒಂದು ಮಾತು ಹೇಳಿ. ನಾನೇ ಬಂದು ಕಾಣ್ತೀನಿ."

"ನಾನೇ ಬರ್ತೀನಿ ಸಾರ್. ಮನೆ ಗೊತ್ತು" ಅಂದೆ.

ಭಾನುವಾರ ಮಗಳನ್ನೂ ಕರ್ಕೊಂಡು ಹೋದೆ. ಹನ್ನೆರಡು ವರ್ಷ ಅವಳಿಗೆ, ನನ್ನ ಹೆಗಲಿಗೆ ಬಂದಿದ್ದಾಳೆ. ಗೇಟ್ ತೆಗೆದ ಅಂಕಲ್‌ಗೆ ನನ್ನ ಮುಖ ನೋಡಿದ ಕೂಡಲೇ ಗುರುತು ಸಿಕ್ತು, ಬಣ್ಣ ಇಳೀತು. ಆಂಟಿ ಮಾತ್ರ "ಅಯ್ಯೋ, ನೀವೇನಾ? ಬನ್ನಿ ಬನ್ನಿ" ಅಂತ ಒಳಗೆ ಕರೆದು, ಅದೇ ಸ್ಟೀಲ್ ಲೋಟದಲ್ಲಿ ಕಾಫಿ ತಂದಿಟ್ರು. ನಾನು ಮುಟ್ಟಲಿಲ್ಲ. ಬೇಕಂತಲೇ ಮುಟ್ಟಲಿಲ್ಲ.

ಅಂಕಲ್ ಗಂಟಲು ಸರಿಮಾಡ್ಕೊಂಡು ಅಂದ್ರು, "ಊರಲ್ಲಿ ಯಾರೋ ಏನೇನೋ ಹಬ್ಬಿಸಿದ್ದಾರೆ. ನಮ್ಮ..."

"ಯಾರೋ ಅಲ್ಲ ಸಾರ್, ನಾನೇ. ನಿಮ್ಮ ಮಗ ಬರ್ತಾನೆ ಅಂತ ನೀವೇ ಹೇಳಿದ್ದು. ನಾನು ನಾಲ್ಕು ವರ್ಷ ಎಲ್ಲರಿಗೂ ಅದನ್ನೇ ಹೇಳ್ದೆ. ಬಂದ್ರಾ ನಿಮ್ಮ ಮಗ?"

ಆಂಟಿ ಅಂಕಲ್ ಮುಖ ನೋಡಿದ್ರು. "ಮಗಾನಾ? ನಮಗೆಲ್ಲಿ ಮಗ ಇದ್ದಾನೆ? ಇಬ್ಬರೂ ಹೆಣ್ಣುಮಕ್ಕಳು. ನಿಮಗೆ ಮನೆ ಹಿಡಿಸಲಿಲ್ಲ ಅಂತ ವಾಪಸ್ ಕೊಟ್ರಿ ಅಂದಿದ್ರಲ್ಲ ಇವರು?"

ನಾನು ಗೋಡೆ ನೋಡ್ದೆ. ಐದು ವರ್ಷದ ಹಿಂದೆ ಕಾಫಿ ಕುಡೀತಾ ನೋಡಿದ್ದ ಅದೇ ಫೋಟೋಗಳು. ಎರಡು ಮದುವೆ, ಎರಡರಲ್ಲೂ ಮದುಮಗಳ ಪಕ್ಕ ಇವರಿಬ್ಬರು. ನನ್ನನ್ನ ಓಡಿಸೋಕೆ ಈ ಮನುಷ್ಯ ಹುಟ್ಟದೇ ಇರೋ ಮಗನ್ನ ಹುಟ್ಟಿಸಿದ್ದ. ನನಗೆ ನಗು ಬಂತು, ಜೋರಾಗೇ ನಕ್ಕುಬಿಟ್ಟೆ. ಆಮೇಲೆ ಫೋನ್ ತೆಗೆದು ಹಾಲುಕ್ಕೋ ಫೋಟೋನ ಆಂಟಿ ಮುಂದೆ ಹಿಡಿದೆ. "ಇದನ್ನ ಕಳಿಸಿದ ಮಾರನೇ ದಿನ ನಿಮಗೆ ಮಗ ಹುಟ್ಟಿದ, ಆಂಟಿ. ಹಾಲಿನ ಹಿಂದೆ ನೋಡಿ, ಕಾರಣ ಕಾಣತ್ತೆ."

ಆಂಟಿ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದ್ರು. ಅಂಕಲ್ ತಲೆ ತಗ್ಗಿಸಿಕೊಂಡು ಚಾಪೆ ನೋಡ್ತಿದ್ರು. ಗಂಡನ ಕಡೆ ತಿರುಗಿದ ಆ ಹೆಂಗಸಿನ ಮುಖ ನೋಡಿದ್ದೇ ಸಾಕು ನನಗೆ. ಎದ್ದು ಬಂದೆ.

ಬಸ್ ಸ್ಟಾಪ್‌ಗೆ ಮಗಳ ಜೊತೆ ನಡೆದು ಬಂದೆ. ಬೆಂಚಿನ ಮೇಲೆ ಕೂತು ಕೇಳಿದ್ಲು, "ಸೈಕಲ್ ಹೊಡೀಬಹುದು ಅಂದಿದ್ದ ಮನೆ ಅದೇನಾ?"

"ಹೂಂ."

"ಹಾಗಾದ್ರೆ ನಾನು ಬೇಡ ಅಂತ ಅಲ್ಲ ನೀನು ನನ್ನ ಬಿಟ್ಟು ಹೋಗಿದ್ದು?"

ಐದು ವರ್ಷ ಈ ಮಗು ಅದನ್ನ ಎದೇಲಿ ಇಟ್ಕೊಂಡಿದೆ. ಇಟ್ಕೊಂಡೇ ನನ್ನ ಜೊತೆ ಊಟ ಮಾಡಿದೆ, ನನ್ನ ಪಕ್ಕ ಮಲಗಿದೆ. ಅವಳ ಕೈ ಹಿಡ್ಕೊಂಡು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ನನಗೆ ಮೊದಲಿಗಿಂತ ಜಾಸ್ತಿ ಸಿಟ್ಟು ಬಂತು. ಅಲ್ಲೇ ಕೂತು, ಆ ಊರಲ್ಲಿ ನನ್ನ ಜಾಗಕ್ಕೆ ಬಂದಿರೋ ಹುಡುಗಿಗೆ ಫೋನ್ ಮಾಡ್ದೆ.

"ಅಕ್ಕ, ಆ ಬೀಗ ಹಾಕಿರೋ ಮನೆ ಕೇಳೋಣ ಅಂತಿದ್ದೆ. ಅವರ ಮಗ ಬರ್ತಾನಂತಲ್ಲ, ನಿಜಾನಾ?" ಅಂದ್ಲು ಅವಳು.

"ಮಗ ಗಿಗ ಯಾರೂ ಇಲ್ಲ. ಆ ಮನೆ ನಮ್ಮಂಥವರಿಗೆ ಕೊಡಲ್ಲ, ಅದಕ್ಕೇ ಖಾಲಿ ಇದೆ. ಯಾರು ಕೇಳಿದ್ರೂ ಇನ್ಮೇಲೆ ಹಾಗೇ ಹೇಳು" ಅಂದೆ. ಮಗಳು ಪಕ್ಕದಲ್ಲೇ ಕೂತು ಕೇಳಿಸ್ಕೊಳ್ತಿದ್ಲು. ಕೇಳಿಸ್ಕೊಳ್ಳಲಿ ಅಂತಲೇ ನಾನು ಸ್ವಲ್ಪ ಜೋರಾಗಿ ಮಾತಾಡ್ದೆ.